ತೆಂಗಿನ ಸೀಮೆಯ ಹಿಡುವಳಿ ಮರಗಳು: ಅವುಗಳ ರಕ್ಷಣೆಯೂ ಕಡಿತದ ಕ್ರಮವೂ

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಉಪನ್ಯಾಸ)



ಈ ಮೂರು ತಾಲ್ಲೂಕುಗಳಲ್ಲಿ ಮರವೆಂದರೆ ತೆಂಗು ಎಂದೇ ಅರ್ಥವಾಗಿ ಹೋಗಿದೆ. ಒಬ್ಬನ ಆಸ್ತಿಯನ್ನು ಹೇಳುವಾಗ ‘ಇನ್ನೂರು ಮರದ ತೋಟ’ ಎಂದರೆ ಸಾಕು, ಅದು ಇನ್ನೂರು ತೆಂಗು ಎಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಅದೇ ತೋಟದ ಬದುವಿನ ಮೇಲೆ ನಿಂತಿರುವ ಹುಣಸೆ, ಹೊಂಗೆ, ಬೇವು, ಹಲಸು, ಇಪ್ಪೆ, ಬಾಗೆ, ಅತ್ತಿಗಳು ಈ ಎಣಿಕೆಗೆ ಸೇರತಕ್ಕವಲ್ಲ. ಲೆಕ್ಕಕ್ಕೆ ಹಿಡಿಯದ ವಸ್ತುವು ಕಳೆದುಹೋದರೆ ಕಳೆದದ್ದು ತಿಳಿಯುವುದೂ ಇಲ್ಲ. ಆದಕಾರಣ ಈ ಹೊತ್ತಿನ ಮಾತು ಎಣಿಕೆಗೆ ಬಾರದ ಆ ಮರಗಳನ್ನು ಕುರಿತದ್ದು.

ಅವು ಮಾರಾಟವಾಗುವ ರೀತಿ ಎಲ್ಲರೂ ಬಲ್ಲದ್ದೇ. ಕೊಳವೆಬಾವಿ ಬತ್ತಿ ಮತ್ತೊಂದನ್ನು ಕೊರೆಯಿಸಬೇಕಾದಾಗ, ಮಗಳ ಮದುವೆ ನಿಶ್ಚಯವಾದಾಗ, ಅಣ್ಣತಮ್ಮಂದಿರು ಪಾಲಾಗಿ ಬದುವಿನ ಮೇಲಿನ ಮರವು ಯಾರದೆಂಬ ವಾದ ಹುಟ್ಟಿದಾಗ, ಕೊಬ್ಬರಿಯ ಧಾರಣೆ ಕುಸಿದಾಗ, ಮರದ ವ್ಯಾಪಾರಿಯು ಹೇಳಿಕಳುಹಿಸಿದಂತೆ ಬಂದು ನಿಲ್ಲುತ್ತಾನೆ. ಆತನ ಕೈಯಲ್ಲಿ ಅಳತೆಯ ಪಟ್ಟಿ ಇರುವುದಿಲ್ಲ. ಮರವನ್ನು ಒಂದು ಸಲ ಸುತ್ತಿ, ತಲೆಯೆತ್ತಿ ನೋಡಿ, ಕಣ್ಣಳತೆಯಿಂದ ಒಂದು ಮೊತ್ತವನ್ನು ನುಡಿಯುತ್ತಾನೆ. ಮುಂಗಡ ಕೈಗೆ ಬೀಳುತ್ತದೆ. ಮಾರನೆಯ ದಿನ ಯಂತ್ರದ ಗರಗಸ ಬರುತ್ತದೆ; ಅಜ್ಜನ ಕಾಲದ ಹುಣಸೆಯು ಊಟದ ಹೊತ್ತಿಗೆ ಲಾರಿಯನ್ನೇರಿರುತ್ತದೆ. ೨೦೧೧ರಿಂದ ೨೦೧೬ರವರೆಗಿನ ಅವಧಿಯಲ್ಲಿ ಪದೇ ಪದೇ ಬಂದ ಬರಗಾಲದಲ್ಲಿ ತೆಂಗಿನ ಮರಗಳು ಗರಿ ಜೋತು, ಸುಳಿ ಒಣಗಿ ನಿಂತದ್ದನ್ನು ಈ ಸೀಮೆಯವರು ಮರೆತಿಲ್ಲ. ತೆಂಗು ಕೈಬಿಟ್ಟ ವರ್ಷ ಬದುವಿನ ಮರವನ್ನು ಮಾರಿ ಸಂಸಾರ ಸಾಗಿಸಿದವರನ್ನು ನಿಂದಿಸುವುದು ತರವಲ್ಲ. ಕಷ್ಟಕಾಲಕ್ಕೆ ಒದಗುವುದೂ ಮರದ ಒಂದು ಉಪಯೋಗವೇ. ಆದರೆ ಕಷ್ಟ ಕಳೆದ ಮೇಲೆ ಆ ಸ್ಥಳದಲ್ಲಿ ಮತ್ತೊಂದು ಗಿಡ ಎದ್ದಿತೇ, ಮತ್ತು ಬಂದ ಹಣ ಮರದ ನಿಜವಾದ ಬೆಲೆಯೇ, ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಹಿಂದೆ ಊರಿಗೆ ಗುಂಡುತೋಪು ಇತ್ತು, ರಸ್ತೆಗೆ ಸಾಲುಮರಗಳಿದ್ದವು. ಗುಂಡುತೋಪುಗಳು ಅನೇಕ ಗ್ರಾಮಗಳಲ್ಲಿ ಪಹಣಿಯ ಹೆಸರಾಗಿ ಮಾತ್ರ ಉಳಿದಿವೆ. ತಿಪಟೂರಿನ ಮೇಲೆ ಹಾಯುವ ತುಮಕೂರು-ಶಿವಮೊಗ್ಗ ಹೆದ್ದಾರಿಯನ್ನು ಅಗಲಮಾಡುವಾಗ ಸಾಲುಮರಗಳು ಉರುಳಿದವು. ಹೀಗಿರುವಲ್ಲಿ, ಕಾಡಿನ ಗುಡ್ಡಗಳನ್ನು ಬಿಟ್ಟರೆ, ಈ ಸೀಮೆಯಲ್ಲಿ ಉಳಿದಿರುವ ಹಿರಿಯ ಮರಗಳು ಬಹುಮಟ್ಟಿಗೆ ರೈತರ ಸ್ವಂತ ಹಿಡುವಳಿಯಲ್ಲಿರತಕ್ಕವೇ.

ಇವುಗಳಿಂದ ತೆಂಗಿಗೆ ಏನು ಪ್ರಯೋಜನವೆಂದು ಕೇಳುವವರುಂಟು. ಇಲ್ಲಿನ ನೆಲ ಬಹುಭಾಗ ಮರಳುಮಿಶ್ರವಾದ ಕೆಂಪು ಮಣ್ಣು. ಮಳೆ ವರ್ಷಕ್ಕೆ ಸುಮಾರು ೬೦೦ರಿಂದ ೭೦೦ ಮಿಲಿಮೀಟರು, ಅದೂ ನಂಬತಕ್ಕದ್ದಲ್ಲ. ಇಂತಹ ನೆಲದಲ್ಲಿ ತೇವವನ್ನು ಹಿಡಿದಿಡುವುದು ಮಣ್ಣಿನಲ್ಲಿ ಕೊಳೆತ ಸೊಪ್ಪುಸದೆಯೇ ಹೊರತು ಬೇರಲ್ಲ. ಹೊಂಗೆಯು ಯುಗಾದಿಯ ಸುಮಾರಿಗೆ ಎಲೆಯುದುರಿಸಿ ಕೂಡಲೇ ಚಿಗುರುತ್ತದೆ; ಮುಂಗಾರಿಗೆ ಮುಂಚೆ ಅದರ ಸೊಪ್ಪನ್ನು ತೆಂಗಿನ ಪಾತಿಗೆ ತುಂಬಿ ಮಣ್ಣು ಮುಚ್ಚುವ ವಾಡಿಕೆ ಹಿರಿಯರಿಗೆ ತಿಳಿದಿತ್ತು. ಈಗ ಅದೇ ಸಾರಜನಕವನ್ನು ಚೀಲದಲ್ಲಿ ಕೊಂಡು ತರುತ್ತಾರೆ. ಬುಡ ಕೊಳೆತು ಕಾಂಡದಿಂದ ಕಂದುರಸ ಸೋರುವ ಅಣಬೆ ರೋಗಕ್ಕೆ ತಜ್ಞರು ಹೇಳುವ ಕ್ರಮದಲ್ಲಿ, ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದೊಡನೆ ಮರವೊಂದಕ್ಕೆ ವರ್ಷಕ್ಕೆ ೫ ಕಿಲೋ ಬೇವಿನ ಹಿಂಡಿಯೂ ಸೇರಿದೆ. ಬದುವಿನ ಬೇವನ್ನು ಕಡಿದು ಮಾರಿದವನೇ ಪೇಟೆಯಲ್ಲಿ ಬೇವಿನ ಹಿಂಡಿಯ ಬೆಲೆ ಕೇಳಿ ಬೆಚ್ಚುವುದು ಅಪರೂಪವಲ್ಲ. ತೆಂಗಿನ ಹೊಂಬಾಳೆಗೆ ಬರುವ ಜೇನಿನಿಂದ ಕಾಯಿಕಟ್ಟುವುದು ಹೆಚ್ಚುತ್ತದೆ. ಆ ಜೇನಿಗೆ ಹೊಂಗೆ, ಹುಣಸೆಗಳ ಹೂವೂ ಗೂಡು ಕಟ್ಟಲು ಹಿರಿಯ ಕೊಂಬೆಯೂ ಬೇಕು. ಆಷಾಢದ ಗಾಳಿಯ ಹೊಡೆತ ಪಡುವಣ ಬದುವಿನಲ್ಲಿ ಮರವಿರುವ ತೋಟದಲ್ಲಿ ಕಡಿಮೆಯೆಂಬುದನ್ನು ಯಾರೂ ಹೋಗಿ ನೋಡಬಹುದು. ಮರೆಯಲಾಗದ ಇನ್ನೊಂದು ಮಾತು: ಕಾಯಿಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆಕೊಬ್ಬರಿ ಮಾಡುವ ಅಟ್ಟದ ತೊಲೆಗಳೆಲ್ಲ ಬಂದದ್ದು ಇಂತಹ ಬದುಗಳಿಂದಲೇ.

ನೆರಳಿನ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ. ತೆಂಗು ಬಿಸಿಲನ್ನು ಬಯಸುವ ಮರ. ಹುಣಸೆಯ ಕೆಳಗೆ ಬಂದ ತೆಂಗು ಸೊಟ್ಟಗೆ ಬೆಳೆದು ಫಸಲು ಕೊಡುವುದಿಲ್ಲ. ಆದರೆ ತೆಂಗಿನ ಕ್ರಿಯಾಶೀಲವಾದ ಬೇರುಗಳು ಹೆಚ್ಚಾಗಿ ಬುಡದಿಂದ ಆರೇಳು ಅಡಿಯೊಳಗೇ ಇರುವುದರಿಂದ, ಬದುವಿನಿಂದ ತಕ್ಕಷ್ಟು ದೂರವಿಟ್ಟು ತೆಂಗನ್ನು ನೆಟ್ಟರೆ ಬೇರಿನ ಜಗಳ ಬಹಳವಾಗುವುದಿಲ್ಲ. ಕೊಂಬೆಯ ಜಗಳಕ್ಕೆ ಕೊಂಬೆಯನ್ನು ಸವರುವುದೇ ಮದ್ದು. ಮೇಲಿನ ಮೂರನೆಯ ಒಂದು ಪಾಲು ಹಸುರನ್ನು ಉಳಿಸಿ ಕೆಳಗಿನ ಕೊಂಬೆಗಳನ್ನು ಸವರಿದರೆ ಮರ ಸಾಯದು, ನೆರಳೂ ತಗ್ಗುವುದು, ಸೊಪ್ಪೂ ಸೌದೆಯೂ ದೊರೆಯುವುದು. ನೆರೆಯವನ ಮರದ ನೆರಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರಿಗೂ, ರಾತ್ರಿ ಬುಡಕ್ಕೆ ಬೆಂಕಿಯಿಟ್ಟವರಿಗೂ ಈ ಸುಲಭೋಪಾಯವು ತೋರದೆ ಹೋದದ್ದು ವಿಷಾದಕರ.

ಇನ್ನು ಕಾಯಿದೆಯ ವಿಷಯ. ಖಾಸಗಿ ಜಮೀನಿನ ಮರಗಳನ್ನು ಸರ್ಕಾರವೇ ಕಾಯಬಾರದೇ ಎಂದು ಕೇಳುವವರು ಶ್ರೀಗಂಧದ ಕಥೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ೧೭೯೨ರಲ್ಲಿ ಟೀಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಆ ಮೇಲೆ ಮೈಸೂರು ಸಂಸ್ಥಾನದಲ್ಲಿಯೂ ಅದೇ ನಡೆಯಿತು. ರೈತನ ಹೊಲದಲ್ಲಿ ಹುಟ್ಟಿದರೂ ಗಂಧವು ಸರ್ಕಾರದ್ದು. ಮರ ಕಳುವಾದರೆ ವಿಚಾರಣೆಗೆ ನಿಲ್ಲಬೇಕಾದವನು ರೈತ. ಮರ ಬೆಳೆದರೆ ಕೊಂಡೊಯ್ಯುವವರು ಬೇರೆ. ಇದರ ಫಲವೇನಾಯಿತೆಂದರೆ, ಹಕ್ಕಿ ಉದುರಿಸಿದ ಬೀಜದಿಂದ ಬೇಲಿಯಲ್ಲಿ ಗಂಧದ ಸಸಿ ಮೂಡಿದ ಕೂಡಲೇ ಅದನ್ನು ಕಿತ್ತೆಸೆಯುವುದು ವಿವೇಕವೆಂದು ಹಳ್ಳಿಗಳಲ್ಲಿ ರೂಢಿಯಾಯಿತು. ಅತ್ಯಂತ ಬಿಗಿಯಾದ ರಕ್ಷಣೆಯಲ್ಲಿದ್ದ ಮರವೇ ಬದುಗಳಿಂದ ಮಾಯವಾಯಿತು. ೨೦೦೧ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಯನ್ನು ತಿದ್ದಿ, ಜಮೀನಿನ ಗಂಧವು ಹಿಡುವಳಿದಾರನದೇ ಎಂದು ಒಪ್ಪಿದ ಮೇಲೆ ಜನರು ಅದನ್ನು ತಾವಾಗಿ ನೆಡತೊಡಗಿದರು. ಸುಮಾರು ಇನ್ನೂರು ವರ್ಷ ಆಜ್ಞೆಯಿಂದ ಆಗದೆ ಇದ್ದದ್ದು ಒಡೆತನದಿಂದ ಆಯಿತು.

ಹಾಗೆಂದು ಒಡೆತನವೊಂದೇ ಸಾಕೆಂದರೆ ಅದೂ ಸರಿಯಲ್ಲ. ಹುಣಸೆ, ಇಪ್ಪೆಗಳು ಎಂದೂ ರೈತನವೇ ಆಗಿದ್ದರೂ ಲಾರಿಯೇರಿದವಷ್ಟೆ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಉಂಟು. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಪ್ರಾಣಕ್ಕೋ ಮನೆಗೋ ಅಪಾಯವಿದ್ದರೆ ಅನುಮತಿಯನ್ನು ನಿರಾಕರಿಸತಕ್ಕದ್ದಲ್ಲ. ಹಳ್ಳಿಗಾಡಿನಲ್ಲಿ ಸೌದೆ, ಮೇವು, ನೇಗಿಲುನೊಗಗಳಂತಹ ಮನೆಬಳಕೆಗೆ ಮರ ಬೇಕಾದಾಗಲೂ ಹಾಗೆಯೇ. ಅನುಮತಿ ಪಡೆದು ಕಡಿದವನು ಮೂವತ್ತು ದಿನಗಳೊಳಗೆ ಅದೇ ಸ್ಥಳದಲ್ಲಾಗಲಿ ಬೇರೆ ತಕ್ಕ ಸ್ಥಳದಲ್ಲಾಗಲಿ ಗಿಡ ನೆಡಬೇಕೆಂಬ ಷರತ್ತೂ ಅದರಲ್ಲಿದೆ. ನಾಟಾವನ್ನು ಸಾಗಿಸುವುದಕ್ಕೆ ರಹದಾರಿ ಬೇರೆ. ಕಾಯಿದೆ ನ್ಯಾಯವಾದದ್ದೇ, ಆದರೆ ಒಬ್ಬ ಅಧಿಕಾರಿಯ ವ್ಯಾಪ್ತಿಗೆ ಸೇರಿದ ಹಳ್ಳಿಗಳೆಷ್ಟು, ಬದುಗಳೆಷ್ಟು! ಕಾಗದದ ಮೇಲೆ ನೆಟ್ಟ ಗಿಡವು ಬದುಕಿತೇ ಎಂದು ನೋಡಬಲ್ಲವನು ಪಕ್ಕದ ಹೊಲದವನೇ.

ಇಲ್ಲಿಯೇ ಗ್ರಾಮದ ಸ್ವಯಂಸೇವಕರ ಕೆಲಸ ಮೊದಲಾಗುತ್ತದೆ. ಜನರು ತಾವಾಗಿ ನಿಂತು ಮರ ಉಳಿಸಿದ ನಿದರ್ಶನ ಈ ನಾಡಿಗೆ ಹೊಸದಲ್ಲ. ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಗಂಡಸರೂ ಹೆಂಗಸರೂ ಕಳಸೆಯ ಕಾಡಿಗೆ ನಡೆದು, ಕೊಡಲಿಗೂ ಮರಕ್ಕೂ ನಡುವೆ ನಿಂತು ಮರಗಳನ್ನು ತಬ್ಬಿಕೊಂಡರು. ಹತ್ತು ವರ್ಷ ಹಿಂದೆ ಹಿಮಾಲಯದ ತಪ್ಪಲಿನಲ್ಲಿ ನಡೆದ ಚಿಪ್ಕೋದಿಂದ ಸ್ಫೂರ್ತಿಗೊಂಡ ಆ ಚಳುವಳಿಗೆ ‘ಅಪ್ಪಿಕೋ’ ಎಂಬ ಹೆಸರಾಯಿತು; ಪಾಂಡುರಂಗ ಹೆಗಡೆಯವರು ಅದನ್ನು ಊರೂರಿಗೆ ಹಬ್ಬಿಸಿದರು. ಆದರೆ ಅದನ್ನೇ ಇಲ್ಲಿ ಹಾಗೆಯೇ ಆಚರಿಸಲಾಗದು. ಅಲ್ಲಿಯ ಮರಗಳು ಸರ್ಕಾರದವು. ಕಡಿಯುವವರು ಹೊರಗಿನಿಂದ ಬಂದವರು. ಇಲ್ಲಿ ಮರವೂ ನೆರೆಯವನದು, ಅದನ್ನು ಮಾರುವವನೂ ಅವನೇ, ಮಾರುವುದಕ್ಕೆ ಕಾರಣವಾದ ಸಾಲವೂ ಅವನದೇ. ನೆರೆಯವನ ಮರವನ್ನು ತಬ್ಬಿ ನಿಂತರೆ ಮರ ಉಳಿದರೂ ನೆರೆ ಉಳಿಯದು. ಆದಕಾರಣ ಈ ಸೀಮೆಗೆ ಬೇಕಾದ ಕ್ರಮ ಬೇರೆ: ಕಡಿಯುವುದಕ್ಕೆ ಮುಂಚೆ ಊರಿಗೆ ಒಂದು ಮಾತು ತಿಳಿಸುವುದು.

ಗ್ರಾಮದಲ್ಲಿ ನಂಬಿಕೆಯುಳ್ಳ ಏಳೆಂಟು ಮಂದಿ ಸೇರಿ ಒಂದು ಕೂಟವಾದರೆ ಸಾಕು. ಅದರಲ್ಲಿ ಹೆಂಗಸರು ಇರಲೇಬೇಕು. ಏತಕ್ಕೆಂದರೆ ಸೌದೆ ಹೊರುವವರೂ ಹುಣಸೆಹಣ್ಣು ಬಡಿದು ಕಟ್ಟುವವರೂ ಅವರೇ, ಮರದ ಬೆಲೆಯನ್ನು ಅವರಷ್ಟು ಬಲ್ಲವರಿಲ್ಲ. ಮರದ ವ್ಯಾಪಾರವನ್ನಾಗಲಿ ದಳ್ಳಾಳಿತನವನ್ನಾಗಲಿ ಮಾಡುವವನು ಎಷ್ಟೇ ಒಳ್ಳೆಯವನಾದರೂ ಕೂಟದೊಳಗೆ ಇರತಕ್ಕದ್ದಲ್ಲ. ಮೊದಲ ಬೇಸಗೆಯಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಊರಿನ ಎಲ್ಲಾ ಬದುಗಳನ್ನು ಸುತ್ತಿ, ಎದೆಯೆತ್ತರದಲ್ಲಿ ಮೂರು ಅಡಿಗೆ ಮೇಲ್ಪಟ್ಟ ಸುತ್ತಳತೆಯುಳ್ಳ ಮರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು: ಜಾತಿ, ಅಳತೆ, ಯಾರ ಜಮೀನು, ಜೇನುಗೂಡೋ ಹಕ್ಕಿಗೂಡೋ ಇದೆಯೇ, ಇಷ್ಟೇ. ಈ ಒಂದು ಪುಸ್ತಕದಿಂದ ಆಗುವ ಉಪಕಾರ ದೊಡ್ಡದು. ಎಣಿಕೆಗೆ ಬಾರದಿದ್ದ ಮರಗಳು ಅಂದೇ ಎಣಿಕೆಗೆ ಬರುತ್ತವೆ.

ಆಮೇಲೆ ಊರಿನವರೆಲ್ಲ ಒಪ್ಪಬೇಕಾದ ಕಟ್ಟಲೆ ಇದು. ಮರ ಮಾರಬೇಕೆಂದಿರುವವನು ಮುಂಗಡ ಹಿಡಿಯುವುದಕ್ಕೆ ಹದಿನೈದು ದಿನ ಮುಂಚೆ ಕೂಟಕ್ಕೆ ಹೇಳುವುದು. ಇದು ಅಪ್ಪಣೆ ಬೇಡುವುದಲ್ಲ. ಕೂಟಕ್ಕೆ ಬೇಡವೆನ್ನುವ ಅಧಿಕಾರವೂ ಇಲ್ಲ. ಹೇಳಿದ ಕೂಡಲೇ ಕೂಟದ ಇಬ್ಬರು ಅಳತೆಯ ಪಟ್ಟಿ ಹಿಡಿದು ಹೋಗುವರು. ನಾಟಾ ಅಳೆಯುವ ವಾಡಿಕೆಯ ಲೆಕ್ಕವು ಕಷ್ಟವಾದುದಲ್ಲ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ಆರು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿಗೆ ಕಾಲುಭಾಗ ಒಂದೂವರೆ ಅಡಿ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು. ಹತ್ತರಿಂದ ಗುಣಿಸಿದರೆ ೨೨½ ಘನ ಅಡಿ. ನಿಜವಾಗಿ ಆ ದಿಮ್ಮಿಯಲ್ಲಿರುವ ಮರ ಸುಮಾರು ೨೮½ ಘನ ಅಡಿ. ಮಿಕ್ಕದ್ದು ಗರಗಸದ ಹೊಟ್ಟು, ಚಕ್ಕೆ ಎಂದು ಕೊಳ್ಳುವವನಿಗೆ ಬಿಟ್ಟುಕೊಟ್ಟಂತೆ. ಅಂದರೆ ಪಟ್ಟಿ ಹಿಡಿದು ಅಳೆದರೂ ಮಾರುವವನು ಐದನೆಯ ಒಂದು ಪಾಲಿಗಿಂತ ಹೆಚ್ಚನ್ನು ಬಿಡುತ್ತಾನೆ. ಇನ್ನು ಕಣ್ಣಳತೆಗೆ ಒಪ್ಪಿದವನು ಬಿಡುವುದೆಷ್ಟೆಂಬುದನ್ನು ಅವನೇ ಊಹಿಸಿಕೊಳ್ಳಲಿ. ಈ ಲೆಕ್ಕವನ್ನು ಬರೆದ ಚೀಟಿಯೊಂದು ರೈತನ ಕೈಯಲ್ಲಿದ್ದರೆ ವ್ಯಾಪಾರಿಯ ಮಾತಿನ ಧಾಟಿಯೇ ಬೇರೆಯಾಗುವುದು.

ಅಳತೆ ಮುಗಿದ ಮೇಲೆ ಕೂಟದವರು ಕೇಳಬೇಕಾದದ್ದು, ಬೇಕಾಗಿರುವ ಹಣ ಎಷ್ಟು ಎಂಬುದನ್ನು. ಅನೇಕ ವೇಳೆ ಎರಡು ಮರ ಸಾಕಾಗುವ ಕಡೆ ಆರು ಮರ ಹೋಗುತ್ತವೆ, ವ್ಯಾಪಾರಿಗೆ ಲಾರಿ ತುಂಬಬೇಕಾದ್ದರಿಂದ. ಸಹಕಾರ ಸಂಘದಿಂದಲೋ ಮಹಿಳೆಯರ ಸ್ವಸಹಾಯ ಗುಂಪಿನಿಂದಲೋ ಸಣ್ಣ ಸಾಲ ದೊರೆತರೆ ಮರವೇ ಉಳಿಯಬಹುದು. ಹುಣಸೆಯಾದರೆ ಫಸಲನ್ನು ವರ್ಷಕ್ಕೋ ಎರಡು ವರ್ಷಕ್ಕೋ ಗುತ್ತಿಗೆ ಕೊಟ್ಟು ಮುಂಗಡ ಪಡೆಯಬಹುದು. ಮರ ಒಂದು ಸಲ, ಫಸಲು ಪ್ರತಿ ಸಲ. ಇಷ್ಟಾಗಿಯೂ ಮಾರಲೇಬೇಕಾದಲ್ಲಿ ಮುದಿಯಾದದ್ದು, ಪೊಳ್ಳಾದದ್ದು, ನೆರಳಿನ ಕಾಟ ಕೊಡುವುದು ಮೊದಲು ಹೋಗಲಿ. ಹಳ್ಳದ ದಂಡೆಯದು, ಕೆರೆಯ ಏರಿಯ ಸಮೀಪದ್ದು, ಹೆಜ್ಜೇನು ಕಟ್ಟುವುದು ಕಡೆಗೆ ಉಳಿಯಲಿ. ವೃಕ್ಷಾಧಿಕಾರಿಗೆ ಕೊಡುವ ಅರ್ಜಿಯನ್ನು ಕೂಟದವರೇ ಬರೆದುಕೊಟ್ಟರೆ ರೈತನಿಗೆ ಅಲೆದಾಟವೂ ತಪ್ಪುವುದು. ಕಳವಾಗಿ ಕಡಿಯುವುದು ಕಂಡುಬಂದರೆ ಇಲಾಖೆಗೆ ತಿಳಿಸುವುದಷ್ಟೇ ಅವರ ಕೆಲಸ. ಲಾರಿಗೆ ಅಡ್ಡ ನಿಂತು ಕೈಮಿಲಾಯಿಸುವುದು ಸರ್ವಥಾ ಕೂಡದು.

ಇದರಲ್ಲಿ ತೊಡಕುಗಳಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕಟ್ಟಲೆಯನ್ನು ಮೊದಲು ಮುರಿಯುವವನು ಸಾಮಾನ್ಯವಾಗಿ ಊರಿನ ಬಡವನಲ್ಲ, ಯಾರಿಗೂ ಹೇಳಬೇಕಾಗಿಲ್ಲವೆಂದುಕೊಂಡ ಸ್ಥಿತಿವಂತ. ಆತನ ಮನೆಗೆ ಕೂಟವು ಬಡವನ ಮನೆಗೆ ಹೋದಷ್ಟೇ ಧೈರ್ಯದಿಂದ ಹೋಗದಿದ್ದರೆ ಎರಡನೆಯ ವರ್ಷಕ್ಕೆ ಕೂಟವೇ ಇರುವುದಿಲ್ಲ. ಜಮೀನನ್ನು ನಗರದಿಂದ ಬಂದವರಿಗೆ ಮಾರಿದ ಕಡೆಗಳಲ್ಲಿ ಹೊಸ ಯಜಮಾನನ ಮುಖವನ್ನೇ ಊರು ಕಂಡಿರುವುದಿಲ್ಲ. ಅಂಥವರಿಗೆ ಕಾಗದ ಬರೆಯಬೇಕು, ಉತ್ತರ ಬಂದರೆ ಬಂತು. ಅಲ್ಲದೆ ಕೂಟಕ್ಕೆ ಹಣದ ವಾಸನೆ ತಗುಲಿದರೆ, ಮರವೊಂದಕ್ಕೆ ಇಷ್ಟೆಂದು ಕಾಣಿಕೆ ಹುಟ್ಟಿದರೆ, ಅದು ಇನ್ನೊಂದು ದಳ್ಳಾಳಿ ಅಂಗಡಿಯಾಗುವುದಕ್ಕೆ ತಡವಾಗದು.

ನಿಂತ ಮರವು ಆದಾಯ ಕೊಡುವುದೆಂಬುದಕ್ಕೆ ದೂರ ಹೋಗಬೇಕಾದ್ದಿಲ್ಲ. ನೆರೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ರೈತ ಕುಟುಂಬದ ಜಮೀನಿನಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟ ಒಂದು ಹಲಸಿನ ಮರವಿತ್ತು. ಹಣ್ಣು ಸಣ್ಣದು, ಸರಾಸರಿ ಎರಡೂವರೆ ಕಿಲೋ ತೂಕದ್ದು. ತೊಳೆ ತಾಮ್ರದ ಕೆಂಪು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, ಅವರದೇ ಹಿರೇಹಳ್ಳಿ ಕೇಂದ್ರವು ಇದೇ ಜಿಲ್ಲೆಯಲ್ಲಿದೆ, ಅದನ್ನು ಪರೀಕ್ಷಿಸಿ ೨೦೧೭ರಲ್ಲಿ ‘ಸಿದ್ದು’ ಎಂಬ ಹೆಸರಿನಿಂದ ಬೆಳಕಿಗೆ ತಂದರು. ಕಸಿಗಿಡಗಳನ್ನು ಬೆಳೆಸಿ ಮಾರುವ ಹಕ್ಕು ಆ ಕುಟುಂಬಕ್ಕೇ ದೊರೆತು, ಬೇಡಿಕೆ ಊರೂರುಗಳಿಂದ ಬಂದಿತು. ಆ ಮರವನ್ನು ಯಾವುದೋ ಒಂದು ಬರದ ವರ್ಷ ಕಣ್ಣಳತೆಗೆ ಮಾರಿದ್ದರೆ ಅದೊಂದು ಬಾಗಿಲ ಚೌಕಟ್ಟಾಗಿರುತ್ತಿತ್ತು. ಮೂರು ತಾಲ್ಲೂಕಿನ ಬದುಗಳಲ್ಲಿ ಇನ್ನೆಂತಹ ಹಲಸು, ಎಂತಹ ಹುಣಸೆ ನಿಂತಿವೆಯೋ, ಮರದ ಪುಸ್ತಕ ಬರೆಯುವಾಗ ಹಣ್ಣಿನ ರುಚಿಯನ್ನೂ ಒಂದು ಮಾತಿನಲ್ಲಿ ಬರೆದಿಡುವುದು ಮೇಲು. ತಿಪಟೂರಿನ ಹತ್ತಿರ ಲಕ್ಕಿಹಳ್ಳಿಯಲ್ಲಿರುವ ಬೈಫ್ ಸಂಸ್ಥೆಯ ಕ್ಷೇತ್ರದಲ್ಲಿ ಬದು, ಹೊಂಡ, ಮೇವು, ಮರ ಇವು ಒಂದರೊಡನೊಂದು ಹೊಂದಿಕೊಂಡಿರುವ ರೀತಿಯನ್ನು ಕೂಟದವರು ಒಮ್ಮೆ ಹೋಗಿ ನೋಡಿಬರುವುದು ಉಪಯುಕ್ತ.

ಕಡೆಯದಾಗಿ ನೆಡುವ ಕೆಲಸ. ಕಡಿದ ಮೇಲೆ ನೆಡುವುದಕ್ಕಿಂತ ಕಡಿಯುವ ಮುಂಚೆಯೇ ನೆಡುವುದು ಉತ್ತಮ. ಹಣ ಕೈಸೇರಿದ ಮೇಲೆ ಗುಂಡಿ ತೋಡುವ ಉತ್ಸಾಹ ಇಳಿಯುವುದು ಮನುಷ್ಯಸ್ವಭಾವ. ಬೇವಿನ ಬೀಜವು ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಹಣ್ಣು ಉದುರಿದ ಕೂಡಲೇ ಆರಿಸಿ, ತೊಳೆದು, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಹಲಸಿನ ಬೀಜ ಒಣಗಿದರೆ ಸತ್ತಂತೆಯೇ. ತೊಳೆ ತಿಂದ ದಿನವೇ ಮಣ್ಣಿಗೆ ಹಾಕಬೇಕು. ಹುಣಸೆ ಬೀಜ ಕಾದಿಟ್ಟರೂ ಕೆಡದು. ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಬೇಗ ಮೊಳೆಯುವುದು. ಹೊಂಗೆಯನ್ನು ಮುಂಗಾರಿನ ಮೊದಲ ಹದಕ್ಕೆ ಬದುವಿನಲ್ಲೇ ಊರಬಹುದು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು, ೨೦೨೫ರಲ್ಲಿ ಕಾಲವಾದವರು, ಹುಲಿಕಲ್ಲು-ಕುದೂರು ರಸ್ತೆಯ ಆಲದ ಮರಗಳನ್ನು ಬೆಳೆಸಿದಾಗ ಗಂಡಹೆಂಡಿರು ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ಮೇಯದಂತೆ ಮುಳ್ಳು ಕಟ್ಟಿದರು. ಗಿಡ ನೆಟ್ಟವರು ಬಹಳ ಮಂದಿ. ಮುಳ್ಳು ಕಟ್ಟಿದವರು ಕಡಿಮೆ. ಈ ಸೀಮೆಯ ಕುರಿಮೇಕೆಗಳ ಬಾಯಿಗೆ ಬೇಲಿಯಿಲ್ಲದ ಸಸಿ ಒಂದು ವಾರವೂ ಉಳಿಯದು. ಜಾಲಿಮುಳ್ಳನ್ನು ಮೂರನೆಯ ಬೇಸಗೆ ದಾಟುವವರೆಗೆ ತೆಗೆಯಬಾರದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿಗಳು ರಿಯಾಯಿತಿ ದರಕ್ಕೆ ದೊರೆಯುವುವು. ಬದುಕುಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನವೂ ಉಂಟು. ಮಳೆಗೆ ಮುಂಚೆ ವಲಯ ಅರಣ್ಯಾಧಿಕಾರಿಯ ಕಛೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳತಕ್ಕದ್ದು. ಹೋಗುವಾಗ ಪಹಣಿಯನ್ನೂ ಗುರುತಿನ ಚೀಟಿಯನ್ನೂ ಬ್ಯಾಂಕಿನ ಪುಸ್ತಕವನ್ನೂ ಜೊತೆಗೆ ಒಯ್ದರೆ ಎರಡನೆಯ ಸಲ ಹೋಗುವ ತೊಂದರೆ ತಪ್ಪುವುದು.